ವಾರಕ್ಕೆರಡು ಕಥೆ ಸಾಕು

ಓದುಗರ ಪತ್ರ: ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಮೊದಲ ಸಂಕಲನದ 12 ಕಥೆಗಳನ್ನು ಎರಡೇ ದಿನದಲ್ಲಿ ಓದಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಎಲ್ಲವೂ ಒಂದೇ ಥರ ಅನ್ನಿಸಿತು. ಒಂದರಲ್ಲೂ ಊಹೆ ಸರಿಹೋಗಲಿಲ್ಲ. ಲೇಖಕರು ಮೋಸ ಮಾಡಿದರು ಅನ್ನಿಸಿತು. ಓದುವ ಕ್ರಮವೇನಾದರೂ ಇದೆಯೇ?

ಸಂಪಾದಕರ ಉತ್ತರ: ಇದೆ. ಆ ಕಥೆಗಳು ಲಂಡನ್ನಿನ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ 1891ರ ಜುಲೈಯಿಂದ 1892ರ ಜೂನ್‌ವರೆಗೆ ತಿಂಗಳಿಗೊಂದರಂತೆ ಬಂದವು. ಬೇಕರ್ ಬೀದಿಯ ಹೋಮ್ಸ್‌ನ ಕೋಣೆ, ಗಾಬರಿಯಲ್ಲಿ ಬಂದವರ ಕೈ, ಬಟ್ಟೆ ನೋಡಿ ಹೋಮ್ಸ್ ಹೇಳುವ ನಾಲ್ಕು ಮಾತು, ಇವೆಲ್ಲ ತಿಂಗಳ ಮೇಲೆ ಎದುರಾದರೆ ಪರಿಚಿತರ ಮನೆಗೆ ಹೋದಷ್ಟು ಹಿತ. ಗಂಟೆಗೊಮ್ಮೆ ಬಂದರೆ ಬೇಸರ ಸಹಜ. ವಾರಕ್ಕೆರಡು ಕಥೆ ಸಾಕು.

ಕೆಂಪುಗೂದಲಿನವರ ಸಂಘದ ಕಥೆಯನ್ನೇ ಮತ್ತೆ ತೆಗೆಯಿರಿ. ಗಿರವಿ ಅಂಗಡಿಯ ವಿಲ್ಸನ್‌ಗೆ ದಿನವೂ 10ರಿಂದ 2ರವರೆಗೆ ಒಂದು ಕೋಣೆಯಲ್ಲಿ ಕೂತು ವಿಶ್ವಕೋಶ ನಕಲು ಮಾಡುವ ಕೆಲಸ, ವಾರಕ್ಕೆ 4 ಪೌಂಡ್. ಈ ವಿಚಿತ್ರಕ್ಕೆ ನಾವು ಬಾಯಿಬಿಟ್ಟುಕೊಂಡು ಕೂತಿರುವಾಗಲೇ, ಅಂಗಡಿಯ ಸಹಾಯಕ ಅರ್ಧ ಸಂಬಳಕ್ಕೆ ಬಂದವನು, ಫೋಟೊ ತೊಳೆಯಲೆಂದು ಆಗಾಗ ನೆಲಮಾಳಿಗೆಗೆ ಇಳಿಯುತ್ತಾನೆ ಎಂಬ ಮಾತುಗಳು ಸದ್ದಿಲ್ಲದೆ ದಾಟಿಹೋಗುತ್ತವೆ. ಹೋಮ್ಸ್ ಅಂಗಡಿಯೆದುರು ಕೋಲಿನಿಂದ ನೆಲ ಕುಟ್ಟಿ, ಬಾಗಿಲು ತಟ್ಟಿ, ಸಹಾಯಕನ ಪ್ಯಾಂಟಿನ ಮಂಡಿ ನೋಡಿಕೊಂಡು ಬರುತ್ತಾನೆ. ಕಂಡದ್ದೇನೆಂದು ಗೆಳೆಯ ವಾಟ್ಸನ್‌ಗೂ ಹೇಳುವುದಿಲ್ಲ. ಪುಸ್ತಕ ಅಲ್ಲಿಗೆ ಮುಚ್ಚಿಡಿ. ಸಂಬಳದ ಆಸೆಯಿಲ್ಲದವನಿಗೆ ಆ ಅಂಗಡಿಯಲ್ಲಿ ಏನು ಬೇಕಾಗಿದೆ? ವಿಲ್ಸನ್ ನಾಲ್ಕು ಗಂಟೆ ಹೊರಗಿದ್ದರೆ ಯಾರಿಗೆ ಅನುಕೂಲ? ಈ ಎರಡು ಪ್ರಶ್ನೆ ಬರೆದಿಟ್ಟುಕೊಂಡು ಮಾರನೆಯ ದಿನ ಮುಂದೆ ಓದಿ. ನೀವು ಕಳ್ಳ ಯಾರೆಂದು ಹುಡುಕುತ್ತಿದ್ದಿರಿ. ಈ ಕಥೆ ಕೇಳುವುದು ಅಲ್ಲಿ ನಡೆಯುತ್ತಿರುವುದೇನು ಎಂದು.

ಮೋಸದ ದೂರಿನಲ್ಲಿ ಸ್ವಲ್ಪ ನ್ಯಾಯವಿದೆ. ಮಂಡಿಯ ಮೇಲೆ ಏನಿತ್ತೆಂದು ನಮಗೂ ಆಗಲೇ ಹೇಳಬೇಕಿತ್ತು. ಆದರೆ ಸುಳಿವೆಲ್ಲ ಓದುಗರ ಮುಂದಿಡಬೇಕೆಂಬ ಕಟ್ಟುಪಾಡು ಬಲವಾದದ್ದು ಆಮೇಲೆ; ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ ಇಂಥ ಕಥೆಗಳಿಗೆ ತಮ್ಮ ಹತ್ತು ನಿಯಮ ಬರೆದದ್ದು 1929ರಲ್ಲಿ.

ಮುಂದೆ ಹೋಮ್ಸ್‌ನದೇ 'ಸಿಲ್ವರ್ ಬ್ಲೇಜ್' ಕಥೆ ಓದಿ. ಕುದುರೆ ಲಾಯದ ಕಾವಲು ಹುಡುಗನ ರಾತ್ರಿಯೂಟ ಮಸಾಲೆ ಹಾಕಿದ ಕುರಿಮಾಂಸ, ಅದರಲ್ಲಿ ಅಫೀಮಿನ ಪುಡಿ. ಸಪ್ಪೆ ಅಡುಗೆಯಾಗಿದ್ದರೆ ಅದರ ರುಚಿ ನಾಲಗೆಗೆ ತಿಳಿದುಬಿಡುತ್ತಿತ್ತು. ಹಾಗಾದರೆ ಅಂದು ಇದೇ ಅಡುಗೆಯಾಗಲಿ ಎಂದು ಹೇಳಬಲ್ಲವರು ಯಾರು? ಮಸಾಲೆಯ ಗುಣ ಬಲ್ಲ ನಮ್ಮವರು ಈ ಸುಳಿವನ್ನು ಬೇಗ ಹಿಡಿಯಬೇಕು.

ಊಹೆಯ ಗೋಜೇ ಬೇಡವೆನಿಸಿದರೆ ಆಸ್ಟಿನ್ ಫ್ರೀಮನ್ ಅವರ 1912ರ ಸಂಕಲನವಿದೆ. ಆಸ್ಕರ್ ಬ್ರಾಡ್‌ಸ್ಕಿಯ ಕಥೆಯಲ್ಲಿ ಕೊಲೆ, ಕೊಲೆಗಾರ, ಶವವನ್ನು ರೈಲು ಹಳಿಗೆ ಒಯ್ದದ್ದು ಎಲ್ಲವೂ ಮೊದಲ ಭಾಗದಲ್ಲೇ ಬಯಲು. ಕೊಲೆಗಾರ ಎಲ್ಲೆಲ್ಲಿ ಎಡವಿದ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಎರಡನೆಯ ಭಾಗದಲ್ಲಿ ಪತ್ತೇದಾರ ಡಾ. ಥಾರ್ನ್‌ಡೈಕ್ ಕನ್ನಡಕದ ಗಾಜಿನ ಚೂರುಗಳನ್ನು ಜೋಡಿಸಲು ಕೂತಾಗ, ನಿಮ್ಮ ಗುರುತುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ.