ಆಪ್ತಸಲಹೆ ಪ್ರಕರಣ: ಬೆರಳು ಆಡುತ್ತವೆ, ತೋಳು ಏಳುವುದಿಲ್ಲ

ಈ ಪ್ರಕರಣದ ಮಹಿಳೆ ಕಲಬುರಗಿ ನಗರದವರು, ವಯಸ್ಸು ನಲವತ್ತರ ಆಸುಪಾಸು. ಆಳಂದ ರಸ್ತೆಯ ಕಡೆಯ ಹಳ್ಳಿಯೊಂದರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪತಿ ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯಲ್ಲಿ ಅತ್ತೆ, ಹತ್ತನೆಯ ತರಗತಿಯ ಮಗಳು ಮತ್ತು ಚಿಕ್ಕ ಮಗ ಇದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರು ನನ್ನ ಬಳಿ ಬಂದದ್ದು ಕೈಯ ವಿಷಯಕ್ಕಲ್ಲ. "ಸಿಟ್ಟು ತಡೆಯಲು ಆಗುತ್ತಿಲ್ಲ ಮೇಡಂ, ಬೆಳೆದ ಮಗಳಿಗೆ ಹೊಡೆದುಬಿಟ್ಟೆ" ಎಂದು ಹೇಳಿ ತಲೆ ತಗ್ಗಿಸಿದರು. ಸೆರಗಿನಲ್ಲಿ ಮುಚ್ಚಿಟ್ಟಿದ್ದ ಎಡಗೈಯನ್ನು ನಾನೇ ಕೇಳಿ ತಿಳಿಯಬೇಕಾಯಿತು.

ಎರಡು ವರ್ಷದ ಹಿಂದೆ ಪತಿಯ ಬೈಕಿನ ಹಿಂಬದಿಯಿಂದ ಬಿದ್ದಾಗ ಅವರ ಎಡ ಭುಜ ನೆಲಕ್ಕೆ ಬಡಿದಿತ್ತು. ಮೂಳೆ ಮುರಿದಿರಲಿಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲವನ್ನು ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಅದರ ಮೇಲಿನ ನರಗಳು ಎಳೆತಕ್ಕೆ ಸಿಕ್ಕಿ ಹಾನಿಗೊಂಡಿದ್ದವು. ಭುಜ ಎತ್ತುವುದು, ಮೊಣಕೈ ಮಡಚುವುದು ಈ ನರಗಳ ಕೆಲಸ. ಬೆರಳುಗಳಿಗೆ ಹೋಗುವವು ಕೆಳಗಿನ ನರಗಳು. ಹೀಗಾಗಿ ಬೆರಳು ಮುಷ್ಟಿ ಕಟ್ಟುತ್ತವೆ, ಪೆನ್ನು ಹಿಡಿಯುತ್ತವೆ, ಆದರೆ ಆ ಕೈ ಬಾಯಿಯವರೆಗೆ, ತಲೆಯವರೆಗೆ ಹೋಗುವುದಿಲ್ಲ. ಹಾನಿಗೊಂಡ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಇನ್ನು ಹೆಚ್ಚಿನ ಚೇತರಿಕೆ ಕಷ್ಟ ಎಂದು ವೈದ್ಯರು ಹೇಳಿಯಾಗಿತ್ತು. ನೋಡುವವರ ಕಣ್ಣಿಗೆ ಮಾತ್ರ ಕೈ ಸರಿಯಾಗಿಯೇ ಕಾಣುತ್ತದೆ. "ಬೆರಳು ಆಡುತ್ತವೆಯಲ್ಲ, ಸ್ವಲ್ಪ ಮನಸ್ಸು ಮಾಡು" ಎಂದು ನೆಂಟರು ಹೇಳುವುದು ಇದರಿಂದಲೇ.

ಹಿಂದಿನ ದಿನ ಎದ್ದಾಗಿನಿಂದ ಶಾಲೆ ತಲುಪುವವರೆಗೆ ಏನೇನಾಯಿತು, ಒಂದನ್ನೂ ಬಿಡದೆ ಹೇಳಿ ಎಂದೆ. ಟೂತ್‌ಪೇಸ್ಟಿನ ಮುಚ್ಚಳ ತೆಗೆಯಲು ಟ್ಯೂಬನ್ನು ಮೊಣಕಾಲ ನಡುವೆ ಸಿಕ್ಕಿಸಬೇಕು. ಜಡೆ ಹಾಕಲು ಅತ್ತೆ ಬರಬೇಕು. ಅವರು ಬಿಗಿಯಾಗಿ ಎಳೆಯುತ್ತಾರೆ, ಎಳೆಯುತ್ತಲೇ ಮನೆಯ ದೂರುಗಳನ್ನೆಲ್ಲ ಹೇಳುತ್ತಾರೆ, ಎದ್ದು ಹೋಗುವ ಹಾಗಿಲ್ಲ. ಸೀರೆಯ ನೆರಿಗೆ ಜಾರದಂತೆ ಹೊಟ್ಟೆಯನ್ನು ಕಪಾಟಿನ ಬಾಗಿಲಿಗೆ ಒತ್ತಿ ನಿಂತು ಬಲಗೈಯಿಂದ ಒಂದೊಂದಾಗಿ ಮಡಚಬೇಕು. ಪಿನ್ನನ್ನು ಹಲ್ಲಿನಿಂದ ಬಿಚ್ಚಬೇಕು. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಬಲಗೈ ಕಂಬಿ ಬಿಡುವಂತಿಲ್ಲ. ಮಹಿಳೆಯರ ಉಚಿತ ಟಿಕೆಟ್‌ಗೆ ಆಧಾರ್ ತೋರಿಸಬೇಕು. ಬಸ್ಸು ಓಲಾಡುವಾಗ ಚೀಲದಿಂದ ಅದನ್ನು ತೆಗೆಯುವ ಕೈ ಯಾವುದು? ಕಾರ್ಡನ್ನು ಮೊದಲೇ ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದರಂತೆ. ಅದನ್ನು ಕಂಡು ಅವರದೇ ಶಾಲೆಯ ಇಬ್ಬರು ಮಕ್ಕಳು ನಕ್ಕರು.

ಒಂದೊಂದನ್ನು ಹೇಳಿದ ಮೇಲೂ "ಇದೇನು ದೊಡ್ಡದಲ್ಲ ಬಿಡಿ" ಎನ್ನುತ್ತಿದ್ದರು. ನಾನು ಒಪ್ಪಲಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಇಷ್ಟು ಸಲ ಸೋತು, ಇಷ್ಟು ಸಲ ಬೇರೆಯವರ ಹಂಗಿಗೆ ಬಿದ್ದ ಮನುಷ್ಯರಿಗೆ ಸಿಟ್ಟು ಬಾರದಿದ್ದರೆ ಅದೇ ಆಶ್ಚರ್ಯ. ಕೈಯೇ ಇಲ್ಲದವರ ಸಾಧನೆಯ ವಿಡಿಯೋಗಳನ್ನು ಬಂಧುಗಳು ಅವರ ಮೊಬೈಲಿಗೆ ಕಳಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರಬಹುದು. ಆದರೆ ಬ್ಲೌಸಿನ ತೋಳಿಗೆ ಕೈ ತೂರದೆ ಒದ್ದಾಡುತ್ತಿರುವವರಿಗೆ ಬೇಕಾದದ್ದು ಆ ತೋಳು ತೂರುವ ದಾರಿ, ಸಾಹಸದ ಕಥೆಯಲ್ಲ.

ಹೊಡೆತ ಬಿದ್ದದ್ದೂ ಪಿನ್ನಿನ ವಿಷಯಕ್ಕೇ. ಮಗಳಿಗೆ ಟ್ಯೂಷನ್‌ಗೆ ಹೊತ್ತಾಗಿತ್ತು. ತಾಯಿ ಪಿನ್ನು ಬಿಚ್ಚಿ, ಸೆರಗು ಸರಿಪಡಿಸಿ, ಇನ್ನೇನು ಚುಚ್ಚಬೇಕು ಎನ್ನುವಾಗ ಮಗಳು ಬಂದು ಪಿನ್ನು ಕಿತ್ತುಕೊಂಡು ತಾನೇ ಚುಚ್ಚಿ ಹೊರಟಳು. ಸಹಾಯ ಮಾಡಿದೆ ಎಂದು ಅವಳ ಲೆಕ್ಕ. ಇನ್ನೊಂದು ನಿಮಿಷ ಬಿಟ್ಟಿದ್ದರೆ ನಾನೇ ಮಾಡುತ್ತಿದ್ದೆ ಎಂದು ಇವರ ಸಂಕಟ.

ಸಿಟ್ಟಿನ ಬೆನ್ನಿಗೆ ಬೇರೇನಾದರೂ ಇದೆಯೇ ಎಂದು ನೋಡಿದೆ. ರಾತ್ರಿ ತೋಳಿನಲ್ಲಿ ಉರಿ, ಕರೆಂಟು ಹೊಡೆದಂತಹ ನೋವು, ನಿದ್ರೆ ಅರ್ಧಂಬರ್ಧ. ನೋವು ಎಂದರೆ ರಜೆಗೆ ನೆಪ ಎನ್ನುತ್ತಾರೆ ಎಂದು ವೈದ್ಯರಿಗೂ ಹೇಳಿರಲಿಲ್ಲ. ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಅದಕ್ಕೆ ಬೇರೆ ಔಷಧಿಗಳಿವೆ, ಮುಚ್ಚಿಡದೆ ಹೇಳಿ ಎಂದು ಅದೇ ವಾರ ಕಳಿಸಿದೆ. "ಇದ್ದು ಏನು ಪ್ರಯೋಜನ" ಎಂಬ ಯೋಚನೆ ಒಮ್ಮೊಮ್ಮೆ ಬಂದದ್ದುಂಟು ಎಂದರು. ಜೀವ ಕಳೆದುಕೊಳ್ಳುವ ಆಲೋಚನೆ ಇದೆಯೇ ಎಂದು ನೇರವಾಗಿ ಕೇಳಿದೆ, ಇಲ್ಲ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಟ್ಟೆ. ಅದು ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು.

ಮುಂದಿನ ಭೇಟಿಗಳಲ್ಲಿ ದಿನದ ಕೆಲಸಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡೆವು. ಯಾವುದನ್ನು ಎಷ್ಟು ಹೊತ್ತಾದರೂ ತಾನೇ ಮಾಡಬೇಕು, ಯಾವುದನ್ನು ಬೇರೆ ರೀತಿಯಲ್ಲಿ ಮಾಡಬಹುದು, ಯಾವುದನ್ನು ಇನ್ನೊಬ್ಬರಿಗೆ ಒಪ್ಪಿಸಿ ನಿಶ್ಚಿಂತರಾಗಬಹುದು ಎಂಬುದನ್ನು ಅವರೇ ತೀರ್ಮಾನಿಸಬೇಕೆಂದೆ. ಎಲ್ಲವನ್ನೂ ತಾನೇ ಮಾಡುವ ಹಟ ಬೇಡ. ಬಲ ಭುಜವೂ ಆಗಲೇ ನೋಯತೊಡಗಿತ್ತು. ಇಬ್ಬರ ಕೆಲಸ ಒಬ್ಬರೇ ಎಳೆದರೆ ಆಗುವುದು ಅದೇ. ಬಟ್ಟೆ ಹಿಂಡುವುದನ್ನು ಸಂತೋಷವಾಗಿ ಪತಿಗೆ ಬಿಟ್ಟುಕೊಟ್ಟರು. ಸೀರೆಯನ್ನು ಬಿಡಲಿಲ್ಲ.

ಉಪಾಯಗಳಿಗೆ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡುವ ದಾರಿ ಕಲಿಸುವ ತಜ್ಞರ ಬಳಿ ಕಳಿಸಿದೆ. ಅಲ್ಲಿ ಕಲಿತದ್ದರಲ್ಲಿ ಅವರಿಗೆ ಹೆಚ್ಚು ಹಿಡಿಸಿದ್ದು ಒಂದು ಮಾತು: ಈ ಕೈಯನ್ನು ಕೆಲಸದ ಬಳಿಗೆ ಒಯ್ಯಲಾಗದು, ಕೆಲಸವನ್ನೇ ಕೈಯ ಬಳಿಗೆ ತರಬೇಕು. ಎಡ ಮುಂಗೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಎತ್ತಿಟ್ಟರೆ ಬೆರಳುಗಳು ಡಬ್ಬಿ ಹಿಡಿಯುತ್ತವೆ, ಪುಸ್ತಕದ ಹಾಳೆ ಒತ್ತಿ ಹಿಡಿಯುತ್ತವೆ. ಬಟ್ಟೆ ತೊಡುವಾಗ ಬಲ ಕಡಿಮೆಯಿರುವ ಕೈ ಮೊದಲು, ಕಳಚುವಾಗ ಅದೇ ಕೊನೆಗೆ. ಇಷ್ಟರಿಂದಲೇ ಬ್ಲೌಸಿನ ರಗಳೆ ಅರ್ಧ ತಗ್ಗಿತು. ದರ್ಜಿಯ ಬಳಿ ಎರಡು ಸೀರೆಗಳಿಗೆ ನೆರಿಗೆ ಹೊಲಿಸಿದರು. ಹಿಟ್ಟು ನಾದುವ ಪರಾತದ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಹಲಗೆಗೆ ತುಕ್ಕು ಹಿಡಿಯದ ಎರಡು ಮೊಳೆಗಳನ್ನು ಕೆಳಗಿನಿಂದ ಹೊಡೆಸಿ, ಮೇಲೆದ್ದ ಮೊನೆಗೆ ಉಳ್ಳಾಗಡ್ಡಿ ಚುಚ್ಚಿಟ್ಟರೆ ಒಂದೇ ಕೈಯಲ್ಲಿ ಹೆಚ್ಚಬಹುದು. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ ಎಂದದ್ದು ನಾನು.

ರೊಟ್ಟಿಯ ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿಯನ್ನು ಮದುವೆಯಾದಾಗಿನಿಂದ ಬಡಿದವರು ಇವರೇ. ಕೈ ಹೋದ ವರ್ಷ ನೆಗೆಣ್ಣಿ "ನೀವು ಕುಳಿತುಕೊಳ್ಳಿ ಅಕ್ಕ" ಎಂದರಂತೆ. ಭಜ್ಜಿ, ಅಂಬಲಿ ಎಲ್ಲ ಸಿದ್ಧವಾಗುವವರೆಗೆ ಅತಿಥಿಯಂತೆ ಕುರ್ಚಿಯಲ್ಲಿ ಕುಳಿತಿದ್ದರು. ಇದನ್ನು ಹೇಳುವಾಗ ಅತ್ತಷ್ಟು ಅವರು ಬೇರೆ ಯಾವುದಕ್ಕೂ ಅಳಲಿಲ್ಲ. ಅದೇ ವರ್ಷ ಇನ್ನೊಂದೂ ಆಗಿತ್ತು: ಹಟಕ್ಕೆ ಒಲೆಯ ಮುಂದೆ ಕುಳಿತಾಗ ಎಡ ಹೆಬ್ಬೆರಳು ಹಂಚಿಗೆ ತಾಗಿದ್ದು ತಿಳಿಯಲೇ ಇಲ್ಲ, ಬೊಬ್ಬೆ ಎದ್ದ ಮೇಲೆ ಕಂಡಿತು. ನರದ ಹಾನಿಯಲ್ಲಿ ಚರ್ಮದ ಸ್ಪರ್ಶವೂ ಮಂದವಾಗಿರುತ್ತದೆ. ಅಂಥವರು ನೀರಿನ ಬಿಸಿಯನ್ನು ಯಾವಾಗಲೂ ಸರಿಯಿರುವ ಕೈಯಿಂದ ನೋಡಬೇಕು, ಹಂಚನ್ನು ಆ ಕೈಯಿಂದ ದೂರವಿಡಬೇಕು. ಈಗ ಅವರು ನೆಲಕ್ಕೆ ಕುಳಿತು, ಎಡ ಮುಂಗೈಯನ್ನು ಮಡಚಿದ ಕಾಲಿಗೆ ಆನಿಸಿ, ಬಲಗೈಯಿಂದ ಬಡಿಯುತ್ತಾ ಎಡ ಬೆರಳಿನಿಂದ ಅಂಚನ್ನು ತಿರುಗಿಸುತ್ತಾರೆ. ರೊಟ್ಟಿ ಚಿಕ್ಕದು, ಸ್ವಲ್ಪ ದಪ್ಪ. ಬೇಯಿಸುವುದು ಮಗಳು.

ಆ ಮಗಳನ್ನೂ ಒಮ್ಮೆ ಕರೆಸಿದ್ದೆ. ಹೊಡೆದದ್ದು ತಪ್ಪು ಎಂದು ತಾಯಿ ಅವಳ ಎದುರಿಗೇ ಹೇಳಿದರು, ಕೈಯ ಕಾರಣ ಕೊಡಲಿಲ್ಲ. ಕಾರಣ ಕೊಡಬೇಡಿ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, "ಅವ್ವ ಹಲ್ಲಿನಿಂದ ಪಿನ್ನು ಬಿಚ್ಚುವುದನ್ನು ನೋಡಲು ನನಗೆ ಆಗುವುದಿಲ್ಲ" ಎಂದಳು. ಅವಳ ಅವಸರದ ಹಿಂದೆ ಇದ್ದದ್ದು ಇದು. ಮನೆಯಲ್ಲಿ ಒಂದು ಒಪ್ಪಂದವಾಯಿತು: ಕೇಳದೆ ಯಾರೂ ಕೈ ಹಾಕುವುದಿಲ್ಲ, "ಮಾಡಲೇ?" ಎಂದು ಒಮ್ಮೆ ಮಾತ್ರ ಕೇಳುತ್ತಾರೆ. ಬೇಕಿದ್ದರೆ ತಾಯಿಯೂ ಬಾಯಿಬಿಟ್ಟು ಹೇಳಬೇಕು, ಮುಖ ಊದಿಸಿಕೊಂಡು ಕಾಯಬಾರದು. ಎರಡನೆಯದು ಅವರಿಗೆ ಮೊದಲನೆಯದಕ್ಕಿಂತ ಕಷ್ಟವಾಯಿತು.

ಶಾಲೆಯಲ್ಲಿ ಹಿರಿಯರೊಬ್ಬರು "ಸ್ವಯಂ ನಿವೃತ್ತಿ ತೆಗೆದುಕೊಂಡು ಆರಾಮಾಗಿರಬಾರದೇ" ಎಂದಿದ್ದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಈ ಭಯಕ್ಕೆ ಸಮಾಧಾನದ ಮಾತಿಗಿಂತ ಕಾನೂನೇ ಒಳ್ಳೆಯ ಮದ್ದು. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20ನೆಯ ಕಲಮಿನ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದ ನೌಕರರನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇರುವ ಹುದ್ದೆ ಹೊಂದದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಕಲಮನ್ನು ಕಾಗದದಲ್ಲಿ ಬರೆಸಿಕೊಂಡು ಹೋದರು. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಮಾತ್ರ ಬಹಳ ದಿನ ಒಪ್ಪಲಿಲ್ಲ, "ಆ ಹೆಸರು ಹಣೆಗೆ ಅಂಟಿಕೊಳ್ಳುತ್ತದೆ" ಎಂದರು. ನಾನು ಒತ್ತಾಯಿಸಲಿಲ್ಲ. ನೌಕರಿಯ ಮೀಸಲಾತಿಯಂಥ ಹಲವು ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ದಾಖಲಾಗಿರಬೇಕು, ಕಾಯಿಲೆ ಬಿದ್ದ ದಿನ ಹುಡುಕಾಡುವುದಕ್ಕಿಂತ ಕಾಗದ ಈಗಲೇ ಕೈಯಲ್ಲಿದ್ದರೆ ಒಳ್ಳೆಯದು ಎಂದಷ್ಟೇ ಹೇಳಿದೆ. ಬಸ್ಸಿನಲ್ಲಿ ಮೀಸಲು ಸೀಟು ಕೇಳಲು ಅದು ಧೈರ್ಯ ಕೊಡುತ್ತದೆ ಎಂಬ ಕಾರಣಕ್ಕೆ ಕೊನೆಗೆ ಒಪ್ಪಿದರು.

ರಾತ್ರಿಯ ಉರಿ ಔಷಧಿಗೆ ತಗ್ಗಿದೆ, ಪೂರ್ತಿ ಹೋಗಿಲ್ಲ. ಸಿಟ್ಟೂ ಅಷ್ಟೇ. ವೈದ್ಯಕೀಯ ಮಂಡಳಿಯ ತಪಾಸಣೆ ಇನ್ನೂ ಬಾಕಿ ಇದೆ. ಈ ನಡುವೆ ಅವರು ಯಾರನ್ನೂ ಕೇಳದೆ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದಿದ್ದಾರೆ. ಅತ್ತೆ ಮಾತು ಬಿಟ್ಟಿದ್ದಾರೆ. ಮುಂದಿನ ಭೇಟಿಗೆ ಅವರನ್ನೂ ಕರೆತರಲು ಹೇಳಿದ್ದೇನೆ; ಎರಡು ವರ್ಷ ಸೊಸೆಗೆ ತಪ್ಪದೆ ಜಡೆ ಹಾಕಿದವರು ಅವರು, ಅವರಿಗೂ ಹೇಳಿಕೊಳ್ಳುವುದು ಇದ್ದೀತು.