ಆಕಾಶ ನೋಡಿ ಗುಹೆಗೆ ಇಳಿಯಬೇಡಿ

ಗುಹೆಗಳ ಬಗ್ಗೆ ಹೋದ ವರ್ಷ ಓದುಗರಿಂದ ಬಂದಿದ್ದ ಪ್ರಶ್ನೆಗಳೇ ಈ ಸಲವೂ ಬಂದಿವೆ. ಹೆಲ್ಮೆಟ್, ಬೂಟು, ಟಾರ್ಚಿನ ಬಗ್ಗೆ ನಾನು ಬರೆಯುವುದಿಲ್ಲ. ಅಷ್ಟೂ ಗೊತ್ತಿಲ್ಲದವರು ಗುಹೆಯ ಹತ್ತಿರ ಹೋಗುವುದೇ ಬೇಡ.

ಪ್ರಶ್ನೆ: ಸರ್, ನಮ್ಮೂರ ಬೆಟ್ಟದ ಗುಹೆ ಕಾಶಿವರೆಗೂ ಹೋಗುತ್ತೆ ಅಂತಾರೆ. ನಿಜಾನಾ?

ಇಲ್ಲ. ಜಗತ್ತಿನಲ್ಲಿ ಇದುವರೆಗೆ ಅಳೆದ ಗುಹೆಗಳಲ್ಲಿ ಅತಿ ಉದ್ದದ್ದು ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಕೇವ್. ಅದರ ದಾರಿಗಳನ್ನೆಲ್ಲ ಕೂಡಿಸಿದರೆ 680 ಕಿ.ಮೀ.ಗಿಂತ ಜಾಸ್ತಿ. ಅದೂ ನೆಟ್ಟಗೆ ಹೋಗಿಲ್ಲ, ಜಿಲೇಬಿ ಹಾಗೆ ಸುತ್ತಿಕೊಂಡಿದೆ.

ಪ್ರಶ್ನೆ: ಜೂನ್ ಕೊನೆಗೆ ಗೆಳೆಯರೆಲ್ಲ ಮೇಘಾಲಯಕ್ಕೆ ಹೊರಟಿದ್ದೇವೆ. ಮಳೆ ಇಲ್ಲದ ಹೊತ್ತು ನೋಡಿ ಒಂದು ಗಂಟೆ ಗುಹೆಯೊಳಗೆ ಹೋಗಿ ಬಂದರೆ ಏನು ತೊಂದರೆ? ಥಾಯ್ಲೆಂಡಿನ ಹುಡುಗರೂ ಬದುಕಿ ಬಂದರಲ್ವಾ?

ಈ 'ಬದುಕಿ ಬಂದರಲ್ವಾ' ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಏನಾಯಿತು ಅಂತ ಸರಿಯಾಗಿ ತಿಳಿದುಕೊಳ್ಳಿ. 2018ರ ಜೂನ್ 23ರಂದು 12 ಹುಡುಗರು ಮತ್ತು ಅವರ ಕೋಚ್ ಫುಟ್‌ಬಾಲ್ ಅಭ್ಯಾಸ ಮುಗಿಸಿ ಥಾಮ್ ಲುವಾಂಗ್ ಗುಹೆಗೆ ಹೋದರು. ಅವರೂ ನಿಮ್ಮ ಹಾಗೆ ಸ್ವಲ್ಪ ಹೊತ್ತು ಇದ್ದು ಬರೋಣ ಅಂತಲೇ ಹೋದವರು. ಜುಲೈನಿಂದ ನವೆಂಬರ್‌ವರೆಗೆ ನೀರು ತುಂಬುತ್ತದೆ ಎಂದು ಗುಹೆಯ ಬಾಯಲ್ಲೇ ಬೋರ್ಡು ಇತ್ತು. ಜುಲೈಗೆ ಇನ್ನೂ ಒಂದು ವಾರವಿತ್ತು, ಮಳೆಗೆ ಕ್ಯಾಲೆಂಡರ್ ಗೊತ್ತಿಲ್ಲ. ಅವರು ಪತ್ತೆಯಾಗಿದ್ದು ಜುಲೈ 2ಕ್ಕೆ, ಬಾಯಿಂದ ಸುಮಾರು 4 ಕಿ.ಮೀ. ಒಳಗೆ. ಹೊರಗೆ ತರುವಾಗ ಮಕ್ಕಳಿಗೆ ಅರಿವಳಿಕೆ ಕೊಟ್ಟು, ಕೈ ಕಟ್ಟಿ, ಮುಖಕ್ಕೆ ಮಾಸ್ಕ್ ಹಾಕಿ, ಕೆಸರು ನೀರಿನಡಿ ಸಾಮಾನು ಸಾಗಿಸಿದ ಹಾಗೆ ಸಾಗಿಸಬೇಕಾಯಿತು. ಔಷಧಿ ಕೊಟ್ಟ ಆಸ್ಟ್ರೇಲಿಯಾದ ವೈದ್ಯ ರಿಚರ್ಡ್ ಹ್ಯಾರಿಸ್ ಅವರಿಗೇ ಎಲ್ಲರೂ ಉಳಿಯುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ. ಗಾಳಿಯ ಸಿಲಿಂಡರ್ ಇಟ್ಟು ಬರಲು ಹೋಗಿದ್ದ ಸಮನ್ ಕುನಾನ್ ಜುಲೈ 6ರಂದು ಒಳಗೇ ತೀರಿಕೊಂಡರು. ನೌಕಾಪಡೆಯಲ್ಲಿ ಪಳಗಿದ ಮುಳುಗುಗಾರ ಅವರು. ಅವರೂ ಲೆಕ್ಕಕ್ಕೆ ಸೇರಬೇಕು, ಅಲ್ವಾ?

ಈಗ ನಿಮ್ಮ 'ಮಳೆ ಇಲ್ಲದ ಹೊತ್ತು'. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿ ಸುಣ್ಣಕಲ್ಲನ್ನು ಸಾವಿರಾರು ವರ್ಷ ಕರಗಿಸಿ ಕರಗಿಸಿ ಗುಹೆ ಆಗುತ್ತದೆ. ಅಂದರೆ ಗುಹೆ ಬೆಟ್ಟದ ಚರಂಡಿ. ಇಡೀ ಬೆಟ್ಟದ ನೀರು ಅಲ್ಲಿಗೇ ಬರಬೇಕು. ಬೆಟ್ಟದ ಆಚೆ ಬದಿ ಸುರಿದ ಮಳೆ ಬಿರುಕುಗಳಲ್ಲಿ ಇಳಿದು ನಿಮ್ಮ ಕಾಲ ಬುಡಕ್ಕೆ ಬರುವಾಗ ನಿಮ್ಮ ತಲೆಯ ಮೇಲೆ ಬಿಸಿಲಿರಬಹುದು. ಅದಕ್ಕೇ ಥಾಮ್ ಲುವಾಂಗ್‌ನಲ್ಲಿ ಒಳಗಿಂದ ಪಂಪ್ ಮಾಡಿದ್ದಷ್ಟೇ ಸಾಲದೆ ಬೆಟ್ಟದ ಮೇಲೆ ಹತ್ತಿ ತೊರೆಗಳನ್ನೇ ಬೇರೆ ಕಡೆ ತಿರುಗಿಸಿದರು.

ನಾನು ಗುಹೆಯೊಳಗೆ ಹೋದ ತಕ್ಷಣ ನೋಡುವುದು ಚಾವಣಿಯನ್ನು. ಅಲ್ಲಿನ ಬಿರುಕಿನಲ್ಲಿ ಒಣಹುಲ್ಲು, ಬಿದಿರೆಲೆ ಸಿಕ್ಕಿಕೊಂಡಿದ್ದರೆ ನೀರು ಅಲ್ಲಿವರೆಗೂ ಬಂದಿತ್ತು ಅಂತ ಅರ್ಥ. ಮೇಘಾಲಯದಲ್ಲಿ ಒಮ್ಮೆ ಹಾಗೆ ಕಂಡಾಗ ಮೋಡ ಕಟ್ಟಿತ್ತು ಅಷ್ಟೇ, ಹನಿ ಬಿದ್ದಿರಲಿಲ್ಲ. ತಂಡವನ್ನು ಕರೆದುಕೊಂಡು ವಾಪಸ್ ಬಂದೆ. ಜೊತೆಯವರು ಎರಡು ದಿನ ಮಾತಾಡಲಿಲ್ಲ, ಇರಲಿ.

ಮೇಘಾಲಯದ ಕ್ರೆಮ್ ಲಿಯಾತ್ ಪ್ರಾದಂಥ ಉದ್ದದ ಗುಹೆಗಳನ್ನು ಅಳೆಯುವ ತಂಡಗಳು ಅಲ್ಲಿಗೆ ಹೋಗುವುದು ಫೆಬ್ರುವರಿ ಸುಮಾರಿಗೆ, ಒಣ ಕಾಲದಲ್ಲಿ. ನೀವೂ ಆಗ ಹೋಗಿ. ಜೂನ್‌ನಲ್ಲೇ ಹೋಗಬೇಕು ಅಂದರೆ ಪ್ರವಾಸಿಗರಿಗೆಂದು ದೀಪ ಹಾಕಿರುವ ಮಾವ್‌ಸ್ಮಾಯಿಯಂಥ ಗುಹೆಯನ್ನು ಮಾತ್ರ ನೋಡಿ, ಅದೂ ಅವತ್ತು ತೆರೆದಿದ್ದರೆ. ಇನ್ನು ಜೂನ್ ಬಂತೆಂದರೆ ಎಲ್ಲ ಕಡೆ ಮಳೆಗಾಲ ಅಂತಲೂ ಅಂದುಕೊಳ್ಳಬೇಡಿ. ವಿಯೆಟ್ನಾಮಿನ ಸೋನ್ ದೂಂಗ್ ಗುಹೆಗೆ ಜನವರಿಯಿಂದ ಆಗಸ್ಟ್‌ವರೆಗೆ ಬಿಡುತ್ತಾರೆ, ಸೆಪ್ಟೆಂಬರ್ ನಂತರ ಮುಚ್ಚುತ್ತಾರೆ. ಸಾಹಸ ಶಿಬಿರ ಅಂತ ಹೇಳಿ ವರ್ಷವಿಡೀ ಕರೆದುಕೊಂಡು ಹೋಗುವವನು ಸಿಕ್ಕರೆ ಅವನ ಜೊತೆ ಹೋಗಬೇಡಿ.

ಪ್ರಶ್ನೆ: ಬೆಂಕಿಕಡ್ಡಿ ಗೀರಿದರೆ ಗಾಳಿ ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗುತ್ತೆ ಅಲ್ವಾ?

ಗೊತ್ತಾಗುವುದಿಲ್ಲ. ಆಮ್ಲಜನಕ 21%ದಿಂದ ಸುಮಾರು 16%ಕ್ಕೆ ಇಳಿದರೆ ಮಾತ್ರ ಕಡ್ಡಿ ಆರುತ್ತದೆ. ಇಂಗಾಲದ ಡೈಆಕ್ಸೈಡ್ 4% ಆದಾಗಲೇ ನಿಮಗೆ ತಲೆನೋವು, ಏದುಸಿರು ಶುರುವಾಗಿರುತ್ತದೆ, ಕಡ್ಡಿ ಮಾತ್ರ ಉರಿಯುತ್ತಲೇ ಇರುತ್ತದೆ. ಸುಮ್ನೆ ಕೂತಾಗಲೂ ಉಸಿರು ಜೋರಾದರೆ ಎದ್ದು ಹೊರಗೆ ಬನ್ನಿ.

ಪ್ರಶ್ನೆ: ಮೆಕ್ಸಿಕೋದ ದೊಡ್ಡ ಹರಳುಗಳ ಗುಹೆಗೆ ಟೂರ್ ಇದೆಯಾ?

ಇಲ್ಲ. ಆ ಗುಹೆ ಇರುವುದು ನೈಕಾ ಗಣಿಯೊಳಗೆ, ಅಲ್ಲಿ ಪಂಪ್ ನಿಲ್ಲಿಸಿದ ಮೇಲೆ ಮತ್ತೆ ನೀರು ತುಂಬಿದೆ. ತೆರೆದಿದ್ದಾಗಲೂ ಒಳಗೆ 58 ಡಿಗ್ರಿವರೆಗೆ ಸೆಖೆ ಇತ್ತು.

ಪ್ರಶ್ನೆ: ಗುಹೆಯಲ್ಲಿ ತೂಗುವ ಕಲ್ಲಿನ ಪುಡಿ ಮಂಡಿನೋವಿಗೆ ಒಳ್ಳೆಯದು ಅಂತ ಒಬ್ಬರು ಮಾರುತ್ತಿದ್ದಾರೆ. ತಗೋಬಹುದಾ?

ಬೇಡ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನದೇ ವಸ್ತು. ಬೆರಳುದ್ದ ಬೆಳೆಯಲು ನೂರಾರು ವರ್ಷ ಬೇಕಾದದ್ದನ್ನು ಆ ಮನುಷ್ಯ ಸುತ್ತಿಗೆಯಲ್ಲಿ ಒಡೆದು ತಂದಿದ್ದಾನೆ. ಎಲ್ಲಿಂದ ತಂದ ಅಂತ ಕೇಳಿ, ಅರಣ್ಯ ಇಲಾಖೆಗೆ ತಿಳಿಸಿ. ಮಂಡಿಯನ್ನು ಡಾಕ್ಟರಿಗೆ ತೋರಿಸಿ.