ಹಿಮೋಗ್ಲೋಬಿನ್ 9.2, ಮಾತ್ರೆ ತಗೊಂಡರೂ ಏರುತ್ತಿಲ್ಲ

ನಮಸ್ಕಾರ ಅಕ್ಕಾ. ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 9.2 ದಾಟುತ್ತಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು, ಅತ್ತೆ "ಸೋಮಾರಿತನ" ಅನ್ನುತ್ತಾರೆ ಎಂದು ಬರೆದಿದ್ದೀರಿ. ಹೆಂಗಸರಿಗೆ ಕಡಿಮೆ ಅಂದರೂ 12 ಇರಬೇಕು. 9.2ಕ್ಕೆ ಸುಸ್ತಾಗದಿದ್ದರೇ ಆಶ್ಚರ್ಯ.

ತಿಂಡಿ ಆದಮೇಲೆ ಕಾಫಿ ಜೊತೆಗೇ ಮಾತ್ರೆ ತಗೊಳ್ಳುತ್ತೀರಿ, ಅಲ್ವಾ? ಎಡವಟ್ಟು ಅಲ್ಲೇ ಇರಬಹುದು. ಕಾಫಿ, ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಾನೂ ಹೀಗೇ ಮೂರು ತಿಂಗಳ ಮಾತ್ರೆ ದಂಡ ಮಾಡಿದ್ದೆ. ಎರಡರ ನಡುವೆ ಒಂದೆರಡು ಗಂಟೆ ಬಿಡಿ. ನಿಂಬೆ ಪಾನಕದ ಜೊತೆ ತಗೊಂಡರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗಿರಲಿ. ಕಬ್ಬಿಣದ ಮಾತ್ರೆಗೆ ಮಲ ಕಪ್ಪಗಾಗುವುದು ಮಾಮೂಲು. ಹೊಟ್ಟೆ ತೊಳಸಿದರೆ ಸುಮ್ನೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಬೇರೆ ಮಾತ್ರೆ ಕೇಳಿ.

ಮುಟ್ಟಿನಲ್ಲಿ ಏಳೆಂಟು ದಿನ ರಕ್ತ ಜಾಸ್ತಿ ಹೋಗುತ್ತದೆ ಅಂತ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನನಗೆ ಅದೇ ಮುಖ್ಯ ಅನಿಸಿತು. ಸೋರುವ ಕೊಡಕ್ಕೆ ಎಷ್ಟು ನೀರು ಸುರಿದರೇನು? ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಇದನ್ನೇ ಮೊದಲು ಹೇಳಿ. ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ರಕ್ತಪರೀಕ್ಷೆ), ಥೈರಾಯ್ಡ್ ಪರೀಕ್ಷೆ ಬೇಕಾ ಅಂತಲೂ ಕೇಳಿ.

ಆಮೇಲೆ ಊಟ. ಬಸ್ಸಾರು ಮಾಡಿದ ದಿನ ಸೊಪ್ಪು-ಕಾಳಿನ ಪಲ್ಯ ಎಲ್ಲರ ತಟ್ಟೆಗೆ ಹೋಗಿ, ಕೊನೆಗೆ ಕೂರುವ ನಿಮಗೆ ಬರೀ ಸಾರು ಉಳಿಯುತ್ತದೆ. ನಿಮ್ಮ ಪಾಲು ಮೊದಲೇ ತೆಗೆದಿಡಿ. ಅತ್ತೆ ಮುಖ ಊದಿಸಿಕೊಂಡರೆ ರಿಪೋರ್ಟ್ ತೋರಿಸಿ. ಹಾಗೇ ಅವರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಅವರೂ ಇಷ್ಟು ವರ್ಷ ಕೊನೆಗೇ ಉಂಡವರಲ್ವಾ?